ನವೆಂಬರ್ 9, 1912: ಸೇನೆಯ ತಂಡವನ್ನು ಮಣಿಸಿದ ಜಿಮ್ ಥಾರ್ಪ್

ಅಮೆರಿಕನ್ ಫುಟ್‌ಬಾಲ್ ಇತಿಹಾಸದಲ್ಲಿ ಕೆಲವು ದಿನಾಂಕಗಳಿಗೆ ಅಂಕಪಟ್ಟಿಯನ್ನು ಮೀರಿದ ಮಹತ್ವವಿದೆ. 1912ರ ನವೆಂಬರ್ 9 ಅಂಥದೊಂದು ದಿನ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ದಂಡೆಯಲ್ಲಿರುವ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಮೈದಾನದಲ್ಲಿ ಅಂದು ಎರಡು ತಂಡಗಳು ಎದುರಾಗಿದ್ದವು. ಒಂದು, ಅಮೆರಿಕದ ಸೇನೆಗೆ ಅಧಿಕಾರಿಗಳಾಗಲು ತರಬೇತಿ ಪಡೆಯುತ್ತಿದ್ದ ಕೆಡೆಟ್‌ಗಳ ತಂಡ. ಇನ್ನೊಂದು, ಅದೇ ಸೇನೆಯೊಡನೆ ಹೋರಾಡಿ ನೆಲ ಕಳೆದುಕೊಂಡ ಮೂಲನಿವಾಸಿ ಬುಡಕಟ್ಟುಗಳ ಮಕ್ಕಳು ಓದುತ್ತಿದ್ದ ಕಾರ್ಲೈಲ್ ಶಾಲೆಯ ತಂಡ. ಆಟ ಮುಗಿದಾಗ ಕಾರ್ಲೈಲ್ 27, ಸೇನೆ 6 ಅಂಕ ಗಳಿಸಿದ್ದವು.

ಗೆದ್ದ ತಂಡದ ನಾಯಕನ ಹೆಸರು ಜಿಮ್ ಥಾರ್ಪ್. ನಾಲ್ಕು ತಿಂಗಳ ಹಿಂದಷ್ಟೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಗೆದ್ದು ಬಂದಿದ್ದ ಆಟಗಾರ ಆತ. ಸೋತ ತಂಡದಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ಯುವಕನಿದ್ದ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಿತ್ರಪಡೆಗಳ ಮಹಾದಂಡನಾಯಕನಾಗಿ, ಅನಂತರ ಅಮೆರಿಕದ 34ನೇ ಅಧ್ಯಕ್ಷನಾಗಿ ಆತ ಜಗತ್ಪ್ರಸಿದ್ಧನಾದ. ಆ ಪಂದ್ಯದಲ್ಲಿ ಮಾತ್ರ ಥಾರ್ಪ್‌ನನ್ನು ತಡೆಯಲು ಆತನಿಂದ ಆಗಲಿಲ್ಲ.

ಮೈದಾನದೊಳಗೆ ಎರಡೂ ತಂಡಗಳಿಗೆ ನಿಯಮ ಒಂದೇ ಆಗಿತ್ತು. ಮೈದಾನದ ಹೊರಗೆ ಹಾಗಿರಲಿಲ್ಲ. ಥಾರ್ಪ್‌ನ ಬದುಕಿನ ಏಳುಬೀಳುಗಳೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಹೆಣೆದುಕೊಂಡಿವೆ.

ಬೆಳಗುವ ಹಾದಿ

ಜಿಮ್ ಥಾರ್ಪ್ ಹುಟ್ಟಿದ್ದು 1887ರಲ್ಲಿ, ಇಂದಿನ ಓಕ್ಲಹೋಮ ರಾಜ್ಯದ ಪ್ರೇಗ್ ಎಂಬ ಊರಿನ ಸಮೀಪ. ಆಗ ಆ ಪ್ರದೇಶವನ್ನು ಇಂಡಿಯನ್ ಟೆರಿಟರಿ ಎಂದು ಕರೆಯಲಾಗುತ್ತಿತ್ತು. ನಮ್ಮಲ್ಲಿ ಬಹುಕಾಲ ರೆಡ್ ಇಂಡಿಯನ್ನರು ಎಂದು ಹೆಸರಿಸಲಾಗುತ್ತಿದ್ದ ಮೂಲನಿವಾಸಿಗಳನ್ನು ದೇಶದ ಬೇರೆ ಬೇರೆ ಭಾಗಗಳಿಂದ ಎಬ್ಬಿಸಿ ಅಲ್ಲಿಗೆ ಅಟ್ಟಲಾಗಿತ್ತು. ತಂದೆ ಹೈರಮ್ ಥಾರ್ಪ್ ಸಾಕ್ ಅಂಡ್ ಫಾಕ್ಸ್ ಬುಡಕಟ್ಟಿಗೆ ಸೇರಿದವನು. ಆತನ ತಂದೆ ಐರಿಷ್ ಮೂಲದವನು. ತಾಯಿ ಷಾರ್ಲಟ್ ಪೊಟಾವಟೊಮಿ ಬುಡಕಟ್ಟಿನವಳು. ಆಕೆಯಲ್ಲಿ ಫ್ರೆಂಚ್ ರಕ್ತವೂ ಬೆರೆತಿತ್ತು. ಮಗುವಿಗೆ ಇಟ್ಟ ಬುಡಕಟ್ಟಿನ ಹೆಸರು ವಾ-ಥೋ-ಹಕ್. ಬೆಳಗುವ ಹಾದಿ ಎಂದು ಅದರ ಅರ್ಥ.

ಹಾದಿ ಮಾತ್ರ ಅಷ್ಟು ಬೆಳಕಿನದಾಗಿರಲಿಲ್ಲ. ಥಾರ್ಪ್ ನಾಲ್ಕು ವರ್ಷದವನಿದ್ದಾಗ, 1891ರಲ್ಲಿ, ಸಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ನೆಲದ ಬಹುಭಾಗವನ್ನು ಸರಕಾರ ಬಿಳಿಯ ವಲಸಿಗರಿಗೆ ತೆರೆಯಿತು. ಬುಡಕಟ್ಟಿನವರ ಪಾಲಿಗೆ ಉಳಿದದ್ದು ತಲಾವಾರು ಹಂಚಿಕೆಯಾದ ತುಂಡು ಭೂಮಿ. ಜತೆಗೇ ಹುಟ್ಟಿದ್ದ ಅವಳಿ ಸಹೋದರ ಚಾರ್ಲಿ ಒಂಬತ್ತರ ಆಸುಪಾಸಿನಲ್ಲಿ ನ್ಯುಮೋನಿಯಾಕ್ಕೆ ಬಲಿಯಾದ. ಕೆಲವು ವರ್ಷಗಳಲ್ಲಿ ಹೆರಿಗೆಯ ತೊಂದರೆಯಿಂದ ತಾಯಿಯೂ ತೀರಿಕೊಂಡಳು. ಹುಡುಗ ಶಾಲೆಯಿಂದ ಮತ್ತೆ ಮತ್ತೆ ಓಡಿಬರುತ್ತಿದ್ದ. ಕಾಡು, ಹೊಳೆ, ಕುದುರೆ, ಬೇಟೆ ಇವೇ ಆತನ ನಿಜವಾದ ಪಾಠಶಾಲೆಗಳಾಗಿದ್ದವು.

1904ರಲ್ಲಿ ಆತನನ್ನು ಪೂರ್ವದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಶಾಲೆಗೆ ಕಳುಹಿಸಲಾಯಿತು. ಅದೇ ವರ್ಷ ತಂದೆಯೂ ನಿಧನನಾದ. ಹದಿಹರೆಯದಲ್ಲೇ ಥಾರ್ಪ್ ತಬ್ಬಲಿಯಾಗಿದ್ದ.

ಕಾರ್ಲೈಲ್ ಎಂಬ ಶಾಲೆ

ಕಾರ್ಲೈಲ್ ಇಂಡಿಯನ್ ಕೈಗಾರಿಕಾ ಶಾಲೆಯನ್ನು 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಹಳೆಯ ಸೇನಾ ಬ್ಯಾರಕ್‌ಗಳಲ್ಲಿ ಸ್ಥಾಪಿಸಿದ್ದ. ಮೂಲನಿವಾಸಿ ಮಕ್ಕಳಲ್ಲಿರುವ ಬುಡಕಟ್ಟಿನ ಗುರುತನ್ನು ಅಳಿಸಿ, ಅವರನ್ನು ಬಿಳಿಯರ ಸಮಾಜಕ್ಕೆ ತಕ್ಕಂತೆ ತಿದ್ದುವುದು ಶಾಲೆಯ ಘೋಷಿತ ಉದ್ದೇಶವಾಗಿತ್ತು. ಬಂದ ದಿನವೇ ಮಕ್ಕಳ ತಲೆಗೂದಲು ಕತ್ತರಿಸಲಾಗುತ್ತಿತ್ತು. ಹೆಸರು ಬದಲಾಗುತ್ತಿತ್ತು. ತಾಯ್ನುಡಿಯಲ್ಲಿ ಮಾತನಾಡುವುದು ನಿಷಿದ್ಧವಾಗಿತ್ತು. ಓದಿನ ನಡುವೆ ಅವರನ್ನು ಬಿಳಿಯರ ಮನೆ, ಹೊಲಗಳಿಗೆ ದುಡಿಯಲು ಕಳುಹಿಸಲಾಗುತ್ತಿತ್ತು. 1918ರಲ್ಲಿ ಮುಚ್ಚುವವರೆಗೆ ಸುಮಾರು 140 ಬುಡಕಟ್ಟುಗಳ 7 ಸಾವಿರಕ್ಕೂ ಹೆಚ್ಚು ಮಕ್ಕಳು ಅಲ್ಲಿಗೆ ಬಂದರು. ಅವರಲ್ಲಿ 180ಕ್ಕೂ ಹೆಚ್ಚು ಮಂದಿ ಶಾಲೆಯ ಸ್ಮಶಾನದಲ್ಲೇ ಮಣ್ಣಾದರು.

ಇಂಥ ಶಾಲೆಗೆ ದೇಶಾದ್ಯಂತ ಹೆಸರು ತಂದದ್ದು ಫುಟ್‌ಬಾಲ್. ನಾವು ಫುಟ್‌ಬಾಲ್ ಎನ್ನುವ ಆಟಕ್ಕೂ ಅಮೆರಿಕನ್ನರ ಫುಟ್‌ಬಾಲ್‌ಗೂ ಸಂಬಂಧ ಕಡಿಮೆ. ಇದರಲ್ಲಿ ಚೆಂಡು ಅಂಡಾಕಾರದ್ದು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಜತೆಗಾರನತ್ತ ಎಸೆಯಬಹುದು, ಒದೆಯಬಹುದು. ಓಡುವವನನ್ನು ಎದುರಾಳಿಗಳು ನಮ್ಮ ಕಬಡ್ಡಿಯಲ್ಲಿ ಹಿಡಿಯುವಂತೆ ಹಿಡಿದು ಕೆಡವಬಹುದು. ಎದುರಾಳಿಯ ಅಂತಿಮ ಗೆರೆಯಾಚೆ ಚೆಂಡು ಒಯ್ದರೆ ಟಚ್‌ಡೌನ್. ಕಾರ್ಲೈಲ್‌ನ ಹುಡುಗರು ದೊಡ್ಡ ವಿಶ್ವವಿದ್ಯಾಲಯಗಳ ಆಟಗಾರರಿಗಿಂತ ಹಗುರ. ಆದ್ದರಿಂದ ತರಬೇತುದಾರ ಗ್ಲೆನ್ ವಾರ್ನರ್ ಅವರಿಗೆ ವೇಗ ಮತ್ತು ತಂತ್ರವನ್ನೇ ಆಯುಧವಾಗಿ ಕೊಟ್ಟ. ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲಿ ನಿಯಮ ಅನುಮತಿಸಿದಾಗ ಅದನ್ನು ಚೆನ್ನಾಗಿ ಬಳಸಿಕೊಂಡ ಮೊದಲ ತಂಡಗಳಲ್ಲಿ ಕಾರ್ಲೈಲ್ ಒಂದು.

ಥಾರ್ಪ್ ಬೆಳಕಿಗೆ ಬಂದದ್ದು 1907ರಲ್ಲಿ. ಎತ್ತರ ಜಿಗಿತದ ಅಭ್ಯಾಸ ನಡೆಯುತ್ತಿದ್ದ ಜಾಗದಲ್ಲಿ ಹಾದುಹೋಗುತ್ತಿದ್ದ ಆತ, ಕೆಲಸದ ಬಟ್ಟೆಯಲ್ಲೇ ಜಿಗಿದು ಇತರರಿಗೆ ಆಗದ ಎತ್ತರವನ್ನು ದಾಟಿದನಂತೆ. ಸುದ್ದಿ ವಾರ್ನರ್ ಕಿವಿಗೆ ಬಿದ್ದು ಆತ ಅಥ್ಲೆಟಿಕ್ಸ್ ತಂಡ ಸೇರಿದ. ಫುಟ್‌ಬಾಲ್‌ಗೆ ಬಂದಾಗ, ಇಂಥ ಓಟಗಾರನಿಗೆ ಪೆಟ್ಟಾದೀತೆಂದು ವಾರ್ನರ್ ಹಿಂಜರಿದಿದ್ದ. ಅಭ್ಯಾಸದಲ್ಲಿ ಇಡೀ ತಂಡ ಅಡ್ಡನಿಂತರೂ ಥಾರ್ಪ್‌ನನ್ನು ಹಿಡಿಯಲಾಗದಿದ್ದಾಗ ಆ ಹಿಂಜರಿಕೆ ಕೊನೆಗೊಂಡಿತು.

1909 ಮತ್ತು 1910ರ ಬೇಸಗೆಯಲ್ಲಿ ಥಾರ್ಪ್ ಶಾಲೆ ಬಿಟ್ಟು ನಾರ್ತ್ ಕ್ಯಾರೊಲೈನಾದ ರಾಕಿ ಮೌಂಟ್ ಮತ್ತು ಫಯೆಟ್‌ವಿಲ್ ಎಂಬ ಸಣ್ಣ ಊರುಗಳ ತಂಡಗಳಿಗೆ ಬೇಸ್‌ಬಾಲ್ ಆಡಿದ. ಸಿಕ್ಕಿದ ಹಣ ಹೊಟ್ಟೆಪಾಡಿಗೆ ಸಾಲುವಷ್ಟು. ಆಗ ಅನೇಕ ಕಾಲೇಜು ಆಟಗಾರರು ಹೀಗೆ ಬೇಸಗೆಯಲ್ಲಿ ಹಣಕ್ಕಾಗಿ ಆಡುತ್ತಿದ್ದರು. ಬುದ್ಧಿವಂತರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥಾರ್ಪ್ ತನ್ನ ಹೆಸರಿನಲ್ಲೇ ಆಡಿದ. ಮುಂದೆ ಇದೇ ಆತನಿಗೆ ಉರುಳಾಯಿತು.

ಶಾಲೆಗೆ ಮರಳಿದ ಥಾರ್ಪ್ 1911ರ ನವೆಂಬರ್ 11ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ವಿರುದ್ಧ ನಾಲ್ಕು ಫೀಲ್ಡ್ ಗೋಲ್ ಮತ್ತು ಒಂದು ಟಚ್‌ಡೌನ್ ಗಳಿಸಿದ. ಆಟಗಾರರ ತಯಾರಿಯ ಕಣಜವೆನಿಸಿದ್ದ ಹಾರ್ವರ್ಡ್ 15-18ರಿಂದ ಸೋತಿತು.

ಸ್ಟಾಕ್‌ಹೋಮ್‌ನ ಬೇಸಗೆ

1912ರ ಜುಲೈನಲ್ಲಿ ನಡೆದ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಥಾರ್ಪ್ ಆಯ್ಕೆಯಾದ. ಐದು ಸ್ಪರ್ಧೆಗಳ ಪೆಂಟಾಥ್ಲಾನ್‌ನಲ್ಲಿ ನಾಲ್ಕರಲ್ಲಿ ಮೊದಲಿಗನಾಗಿ ಚಿನ್ನ ಗೆದ್ದ. ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ ಆಗಿನ ಲೆಕ್ಕದಂತೆ 8,412 ಅಂಕ ಗಳಿಸಿ ವಿಶ್ವದಾಖಲೆ ಬರೆದ. ಎರಡನೆಯ ಸ್ಥಾನ ಪಡೆದ ಸ್ವೀಡನ್ನಿನ ಹ್ಯೂಗೊ ವಿಸ್ಲಾಂಡರ್ 700ಕ್ಕೆ ಸಮೀಪದ ಅಂಕಗಳಷ್ಟು ಹಿಂದಿದ್ದ. ಸ್ಪರ್ಧೆಯ ನಡುವೆ ಥಾರ್ಪ್‌ನ ಷೂ ಕಾಣೆಯಾಗಿ, ಒಂದಕ್ಕೊಂದು ಹೊಂದದ ಬೇರೆಯವರ ಷೂಗಳನ್ನು ಹಾಕಿಕೊಂಡು ಆಡಿದ. ಸಡಿಲವಾದ ಷೂವಿಗೆ ಹೆಚ್ಚುವರಿ ಕಾಲುಚೀಲವೇ ಆಸರೆಯಾಗಿತ್ತು.

ಸ್ವೀಡನ್ನಿನ ದೊರೆ ಐದನೇ ಗುಸ್ತಾವ್ ಸ್ವತಃ ಬಹುಮಾನ ನೀಡಿ ಆತನ ಹಿರಿಮೆಯನ್ನು ಕೊಂಡಾಡಿದ. ನ್ಯೂಯಾರ್ಕ್‌ನ ಬ್ರಾಡ್‌ವೇ ಬೀದಿಯಲ್ಲಿ ಕಾಗದದ ಚೂರುಗಳ ಮಳೆಗರೆದು ಜನ ಬರಮಾಡಿಕೊಂಡರು. ಮೆರವಣಿಗೆ ಮುಗಿಸಿ ಥಾರ್ಪ್ ಕಾರ್ಲೈಲ್‌ಗೆ ಮರಳಿದ. ಫುಟ್‌ಬಾಲ್ ಋತು ಆರಂಭವಾಗುವುದರಲ್ಲಿತ್ತು.

ಆ ದಿನದ ಆಟ

ಅಮೆರಿಕದ ಸೇನೆ ಮತ್ತು ಬುಡಕಟ್ಟುಗಳ ನಡುವಿನ ಯುದ್ಧಗಳ ಕೊನೆಯ ಅಧ್ಯಾಯವೆಂದೇ ಕರೆಯಲಾಗುವ ವೂಂಡೆಡ್ ನೀ ಹತ್ಯಾಕಾಂಡ ನಡೆದದ್ದು 1890ರಲ್ಲಿ. ವೆಸ್ಟ್ ಪಾಯಿಂಟ್ ಪಂದ್ಯದ ವೇಳೆಗೆ ಅದಕ್ಕೆ 22 ವರ್ಷವಷ್ಟೇ ಆಗಿತ್ತು. ಮೈದಾನಕ್ಕಿಳಿದವರಲ್ಲಿ ಹಲವರ ಹಿರಿಯರು ಆ ಕಾಲವನ್ನು ಕಂಡವರು. ಪಂದ್ಯಕ್ಕೆ ಮುನ್ನ ವಾರ್ನರ್ ತನ್ನ ಹುಡುಗರಿಗೆ ಅವರ ಅಪ್ಪ, ಅಜ್ಜಂದಿರ ಯುದ್ಧಗಳನ್ನು ನೆನಪಿಸಿದನೆಂದು ಹೇಳಲಾಗುತ್ತದೆ. ಸೇನೆಯ ವಿರುದ್ಧ ಕಾರ್ಲೈಲ್ 1905ರಲ್ಲಿ ಒಮ್ಮೆ 6-5ರ ಕೂದಲೆಳೆಯ ಅಂತರದಿಂದ ಗೆದ್ದಿತ್ತು. ಈ ಸಲದ ನಿರೀಕ್ಷೆ ಇನ್ನೂ ದೊಡ್ಡದಾಗಿತ್ತು.

ಆಟದ ನಿಯಮಗಳು ಆ ವರ್ಷವೇ ಬದಲಾಗಿದ್ದವು. ಟಚ್‌ಡೌನ್‌ಗೆ ಐದರ ಬದಲು ಆರು ಅಂಕ, 10 ಗಜ ಮುನ್ನಡೆಯಲು ಮೂರರ ಬದಲು ನಾಲ್ಕು ಅವಕಾಶ ಸಿಗುವಂತಾಗಿತ್ತು. ವೇಗದ ತಂಡಕ್ಕೆ ಇದು ಅನುಕೂಲಕರ. ಇದರ ಜತೆಗೆ ವಾರ್ನರ್ ಅಂಚಿನ ಆಟಗಾರರನ್ನು ಎರಡೂ ಬದಿಗೆ ನಿಲ್ಲಿಸುವ ಹೊಸ ವ್ಯೂಹವೊಂದನ್ನು ಹೊರತೆಗೆದ. ಚೆಂಡು ಯಾರ ಕೈಗೆ ಹೋಗುತ್ತದೆ, ಯಾವ ದಿಕ್ಕಿಗೆ ಓಡುತ್ತದೆ ಎಂಬುದನ್ನು ಎದುರಾಳಿ ಊಹಿಸುವುದೇ ಕಷ್ಟವಾಯಿತು.

ಮೊದಲಾರ್ಧ ಸಮಬಲದ್ದಾಗಿತ್ತು. ವಿರಾಮದ ವೇಳೆಗೆ ಕಾರ್ಲೈಲ್ ಕೇವಲ ಒಂದು ಅಂಕದಿಂದ ಮುಂದಿತ್ತು. ದ್ವಿತೀಯಾರ್ಧದಲ್ಲಿ ಸೇನೆಯ ತಾಳ್ಮೆ ತಪ್ಪಿತು. ತಂಡದ ನಾಯಕ, ದೈತ್ಯದೇಹಿ ಲೆಲ್ಯಾಂಡ್ ಡೆವೋರ್, ಕಾರ್ಲೈಲ್‌ನ ಜೋ ಗಯಾನ್ ಮೇಲೆ ಎರಗಿದ್ದಕ್ಕಾಗಿ ಹೊರಹಾಕಲ್ಪಟ್ಟ. ಅಲ್ಲಿಂದ ಮುಂದೆ ಕಾರ್ಲೈಲ್‌ಗೆ ತಡೆಯೇ ಇರಲಿಲ್ಲ. ಅಲೆಕ್ಸ್ ಅರ್ಕಾಸಾ ಮೂರು ಟಚ್‌ಡೌನ್ ಗಳಿಸಿದ, ಜೋ ಬರ್ಗೀ ಒಂದು. ತಂಡದ ಚಾಲಕ ಸ್ಥಾನದಲ್ಲಿ ಗಸ್ ವೆಲ್ಷ್ ಇದ್ದ.

ಅಂಕಪಟ್ಟಿಯ ಟಚ್‌ಡೌನ್ ಸಾಲಿನಲ್ಲಿ ಥಾರ್ಪ್‌ನ ಹೆಸರಿಲ್ಲ ಎಂಬುದು ಗಮನಾರ್ಹ. ಎದುರಾಳಿಗಳೆಲ್ಲ ಆತನತ್ತಲೇ ನುಗ್ಗುತ್ತಿದ್ದುದರಿಂದ ಜತೆಗಾರರಿಗೆ ದಾರಿ ಸುಗಮವಾಯಿತು. ಚೆಂಡು ಹಿಡಿದಾಗಲೆಲ್ಲ ಆತ ಗಜಗಟ್ಟಲೆ ನೆಲ ಗೆದ್ದ. ಒಮ್ಮೆ ಎದುರಾಳಿಗಳನ್ನೆಲ್ಲ ದಾಟಿ ಅಂತಿಮ ಗೆರೆ ಮುಟ್ಟಿದರೂ ಜತೆಗಾರನೊಬ್ಬನ ತಪ್ಪಿನಿಂದ ಅದು ರದ್ದಾಯಿತು. ಆ ಓಟದ ಉದ್ದ ಮುಂದಿನ ವರ್ಷಗಳಲ್ಲಿ ಹೇಳುವವರ ಬಾಯಲ್ಲಿ ಬೆಳೆಯುತ್ತಲೇ ಹೋಯಿತು.

ಥಾರ್ಪ್‌ನನ್ನು ಆಟದಿಂದಲೇ ಹೊರಗಟ್ಟಲು ಐಸೆನ್‌ಹೋವರ್ ಮತ್ತು ಜತೆಗಾರನೊಬ್ಬ ಸೇರಿ ಎರಡು ಕಡೆಯಿಂದ ನುಗ್ಗುವ ಯೋಜನೆ ಹಾಕಿದ್ದರು. ಒಮ್ಮೆ ಅವರ ಪೆಟ್ಟಿಗೆ ಆತ ನೆಲಕ್ಕುರುಳಿದ್ದೂ ಉಂಟು. ಆದರೆ ಎದ್ದು ಮತ್ತೆ ಓಡತೊಡಗಿದ. ಮತ್ತೊಮ್ಮೆ ನುಗ್ಗಿಬಂದಾಗ ಥಾರ್ಪ್ ಕ್ಷಣಾರ್ಧದಲ್ಲಿ ನಿಂತುಬಿಟ್ಟ. ಅವರಿಬ್ಬರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಮರುವಾರ ಟಫ್ಟ್ಸ್ ಕಾಲೇಜಿನ ವಿರುದ್ಧದ ಪಂದ್ಯದಲ್ಲಿ ಐಸೆನ್‌ಹೋವರ್‌ನ ಮೊಣಕಾಲಿಗೆ ಗಂಭೀರ ಪೆಟ್ಟಾಗಿ ಆತನ ಫುಟ್‌ಬಾಲ್ ಬದುಕೇ ಮುಗಿಯಿತು. ಅಧ್ಯಕ್ಷನಾದ ಬಳಿಕವೂ ಆತ ಥಾರ್ಪ್‌ನ ಆಟವನ್ನು ಮೆಚ್ಚುಗೆಯಿಂದ ನೆನೆಯುತ್ತಿದ್ದ.

ಅದೇ ಮರುವಾರ ಕಾರ್ಲೈಲ್ ಕೂಡ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಸೋತಿತು. ಆದರೂ 12 ಗೆಲುವು, ಒಂದು ಸೋಲು, ಒಂದು ಸಮ ಎಂಬ ದಾಖಲೆಯೊಡನೆ ಋತು ಮುಗಿಸಿತು. ಥಾರ್ಪ್ ಸತತ ಎರಡನೇ ವರ್ಷ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದ.

ಕಳೆದುಹೋದ ಪದಕಗಳು

ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. 1913ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರದ ಪತ್ರಿಕೆಯೊಂದು ಥಾರ್ಪ್ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂದು ವರದಿ ಮಾಡಿತು. ಒಲಿಂಪಿಕ್ಸ್‌ನಲ್ಲಿ ಆಗ ಹವ್ಯಾಸಿ ಕ್ರೀಡಾಪಟುಗಳಿಗೆ ಮಾತ್ರ ಅವಕಾಶ. ಥಾರ್ಪ್ ಆರೋಪವನ್ನು ಅಲ್ಲಗಳೆಯಲಿಲ್ಲ. ನಿಯಮಗಳ ಸೂಕ್ಷ್ಮ ತನಗೆ ತಿಳಿದಿರಲಿಲ್ಲ, ಇತರರು ಮಾಡಿದ್ದನ್ನೇ ತಾನೂ ಮಾಡಿದೆ, ಹೆಸರು ಮುಚ್ಚಿಟ್ಟುಕೊಳ್ಳಲಿಲ್ಲ ಎಂಬರ್ಥದ ಪತ್ರವನ್ನು ಅಮೆರಿಕದ ಹವ್ಯಾಸಿ ಅಥ್ಲೆಟಿಕ್ ಒಕ್ಕೂಟದ ಕಾರ್ಯದರ್ಶಿ ಜೇಮ್ಸ್ ಸಲಿವಾನ್‌ಗೆ ಬರೆದ. ಫಲ ಸಿಗಲಿಲ್ಲ. ಒಕ್ಕೂಟ ಆತನ ಹವ್ಯಾಸಿ ಸ್ಥಾನವನ್ನು ಕಿತ್ತುಹಾಕಿತು. ಪದಕಗಳು ಹಿಂದಕ್ಕೆ ಹೋದವು, ಒಲಿಂಪಿಕ್ ದಾಖಲೆಯಿಂದ ಹೆಸರು ಅಳಿಸಿಹೋಯಿತು.

ಸ್ಟಾಕ್‌ಹೋಮ್ ಕೂಟದ ನಿಯಮಾವಳಿಯಲ್ಲಿ, ಅರ್ಹತೆಯ ಕುರಿತ ಆಕ್ಷೇಪಣೆಯನ್ನು ಕೂಟ ಮುಗಿದ 30 ದಿನಗಳೊಳಗೆ ಸಲ್ಲಿಸಬೇಕೆಂದು ಸ್ಪಷ್ಟವಾಗಿತ್ತು. ಥಾರ್ಪ್ ಮೇಲಿನ ಆರೋಪ ಬಂದದ್ದು ಆರು ತಿಂಗಳ ಬಳಿಕ. ಆ ನಿಯಮವನ್ನು ಯಾರೂ ಎತ್ತಲಿಲ್ಲ. ಎತ್ತಬಲ್ಲ ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಥಾರ್ಪ್‌ಗೆ ಇರಲಿಲ್ಲ. ಆತನ ಬೆಂಬಲಕ್ಕೆ ನಿಲ್ಲಬೇಕಿದ್ದ ಶಾಲೆ ಮತ್ತು ತರಬೇತುದಾರ ವಾರ್ನರ್, ತಮಗೆ ಏನೂ ತಿಳಿದಿರಲಿಲ್ಲವೆಂದು ಕೈತೊಳೆದುಕೊಂಡರು. ಮೂಲನಿವಾಸಿಗಳೆಲ್ಲರಿಗೂ ಅಮೆರಿಕದ ಪೌರತ್ವ ನೀಡುವ ಕಾಯಿದೆ ಬಂದದ್ದೇ 1924ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಕಾರ್ಲೈಲ್‌ನ ಆಡಳಿತದ ವಿರುದ್ಧ ವಿದ್ಯಾರ್ಥಿಗಳ ದೂರುಗಳು ಏರತೊಡಗಿದಾಗ, ವೆಸ್ಟ್ ಪಾಯಿಂಟ್ ಪಂದ್ಯದಲ್ಲಿ ತಂಡವನ್ನು ನಡೆಸಿದ್ದ ಗಸ್ ವೆಲ್ಷ್ ಅದರ ಮುಂಚೂಣಿಯಲ್ಲಿದ್ದ. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ತನಿಖೆ ನಡೆಸಿತು. ಆ ಬಳಿಕ ವಾರ್ನರ್ ಶಾಲೆ ತೊರೆದ.

ವೃತ್ತಿಪರ ಫುಟ್‌ಬಾಲ್‌ನ ಬುನಾದಿ

ಹವ್ಯಾಸಿಯಲ್ಲವೆಂದು ಹೊರದಬ್ಬಲ್ಪಟ್ಟ ಥಾರ್ಪ್ 1913ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಬೇಸ್‌ಬಾಲ್ ತಂಡ ಸೇರಿದ. ಆ ವರ್ಷ ಐವಾ ಮಿಲ್ಲರ್‌ಳನ್ನು ಮದುವೆಯಾಗಿ, ತಂಡದ ವಿಶ್ವಪರ್ಯಟನೆಯನ್ನೇ ಮಧುಚಂದ್ರವಾಗಿಸಿಕೊಂಡ. ಜಪಾನ್, ಆಸ್ಟ್ರೇಲಿಯಾ ಸುತ್ತಿದ ಆ ತಂಡ 1914ರಲ್ಲಿ ನಮ್ಮ ನೆರೆಯ ಸಿಂಹಳಕ್ಕೂ ಬಂದು ಹೋಗಿತ್ತು. 1919ರವರೆಗೆ ಆತ ದೊಡ್ಡ ಲೀಗ್‌ಗಳಲ್ಲಿ 289 ಬೇಸ್‌ಬಾಲ್ ಪಂದ್ಯಗಳನ್ನಾಡಿದ.

ಆತನ ನಿಜವಾದ ಕಾಣಿಕೆ ಸಂದದ್ದು ಫುಟ್‌ಬಾಲ್‌ಗೆ. ಆಗ ಕಾಲೇಜು ಫುಟ್‌ಬಾಲ್‌ಗೆ ಇದ್ದ ಘನತೆ ಹಣಕ್ಕಾಗಿ ಆಡುವ ತಂಡಗಳಿಗೆ ಇರಲಿಲ್ಲ. 1915ರಲ್ಲಿ ಓಹಿಯೊದ ಕ್ಯಾಂಟನ್ ಬುಲ್‌ಡಾಗ್ಸ್ ತಂಡ ಪಂದ್ಯವೊಂದಕ್ಕೆ 250 ಡಾಲರ್ ಕೊಟ್ಟು ಥಾರ್ಪ್‌ನನ್ನು ಕರೆಸಿಕೊಂಡಿತು. ನೂರಾರು ಜನ ಸೇರುತ್ತಿದ್ದ ಕಡೆ ಸಾವಿರಗಟ್ಟಲೆ ಜನ ಸೇರತೊಡಗಿದರು. 1916, 1917 ಮತ್ತು 1919ರಲ್ಲಿ ತಂಡ ಚಾಂಪಿಯನ್ ಪಟ್ಟ ಪಡೆಯಿತು. ಇದರ ನಡುವೆ 1918ರಲ್ಲಿ ಮೂರು ವರ್ಷದ ಹಿರಿಯ ಮಗನನ್ನು ಕಾಯಿಲೆಯಿಂದ ಕಳೆದುಕೊಂಡ ಥಾರ್ಪ್, ಆ ನೋವಿನಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ ಎನ್ನುತ್ತಾರೆ ಆತನನ್ನು ಬಲ್ಲವರು.

1920ರ ಸೆಪ್ಟೆಂಬರ್ 17ರಂದು ಕ್ಯಾಂಟನ್ ನಗರದ ಕಾರು ಮಾರಾಟ ಮಳಿಗೆಯೊಂದರಲ್ಲಿ ತಂಡಗಳ ಪ್ರತಿನಿಧಿಗಳು ಸೇರಿ ವೃತ್ತಿಪರ ಫುಟ್‌ಬಾಲ್ ಸಂಘವೊಂದನ್ನು ಕಟ್ಟಿದರು. ಜನ ನಂಬುವ ಹೆಸರೊಂದು ಬೇಕಾಗಿತ್ತು. ಥಾರ್ಪ್ ಅದರ ಮೊದಲ ಅಧ್ಯಕ್ಷನಾದ. 1922ರಲ್ಲಿ ಆ ಸಂಘ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರು ಬದಲಿಸಿಕೊಂಡಿತು. ಇಂದು ಜಗತ್ತಿನ ಅತಿ ಶ್ರೀಮಂತ ಕ್ರೀಡಾ ಲೀಗ್ ಅದೇ.

1922 ಮತ್ತು 1923ರಲ್ಲಿ ಥಾರ್ಪ್ ಮೂಲನಿವಾಸಿಗಳೇ ತುಂಬಿದ್ದ ಊರಾಂಗ್ ಇಂಡಿಯನ್ಸ್ ತಂಡವನ್ನು ಮುನ್ನಡೆಸಿದ. ತಂಡದ ಒಡೆಯ ನಾಯಿ ಮಾರಾಟಗಾರ. ವಿರಾಮದ ವೇಳೆ ಆಟಗಾರರು ನಾಯಿಗಳೊಡನೆ ಪ್ರದರ್ಶನ ನೀಡಬೇಕಾಗಿತ್ತು, ಬುಡಕಟ್ಟಿನ ಕುಣಿತ ಕುಣಿಯಬೇಕಾಗಿತ್ತು. ಸೇನೆಯನ್ನು ಮಣಿಸಿದವರಲ್ಲಿ ಕೆಲವರು ಹೀಗೆ ನಾಯಿಗಳ ಜಾಹೀರಾತಿಗೆ ಮೈದಾನಕ್ಕಿಳಿದರು. 1928ರಲ್ಲಿ 41ರ ವಯಸ್ಸಿನಲ್ಲಿ ಥಾರ್ಪ್ ಕೊನೆಯ ಲೀಗ್ ಪಂದ್ಯ ಆಡಿದ.

ಇಳಿಗಾಲ

ಆಟ ನಿಂತೊಡನೆ ಆದಾಯವೂ ನಿಂತಿತು. ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗುದ್ದಲಿ ಹಿಡಿದು ಕೂಲಿ ಮಾಡುತ್ತಿದ್ದ ಥಾರ್ಪ್‌ನ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂತು. 1932ರಲ್ಲಿ ಅದೇ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ ಟಿಕೆಟ್ ಕೊಳ್ಳಲು ಆತನ ಬಳಿ ಹಣವಿರಲಿಲ್ಲ. ಸ್ವತಃ ಮೂಲನಿವಾಸಿ ಮೂಲದವನಾದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್ ಆತನನ್ನು ಕರೆದು ಜತೆಯಲ್ಲಿ ಕೂರಿಸಿಕೊಂಡಾಗ ಕ್ರೀಡಾಂಗಣದ ಜನಸಾಗರ ಎದ್ದುನಿಂತು ಚಪ್ಪಾಳೆ ತಟ್ಟಿತು.

ಹಾಲಿವುಡ್‌ನ ಹಲವಾರು ಚಿತ್ರಗಳಲ್ಲಿ ಥಾರ್ಪ್ ಸಣ್ಣಪುಟ್ಟ ಪಾತ್ರ ಮಾಡಿದ. ಮೂಲನಿವಾಸಿಗಳ ಪಾತ್ರಗಳನ್ನು ಮೂಲನಿವಾಸಿಗಳಿಗೇ ಕೊಡಬೇಕೆಂದು ಆಗಲೇ ದನಿಯೆತ್ತಿದ. ಮದ್ಯ, ಮೂರು ಮದುವೆ, ನಿಲ್ಲದ ಅಲೆದಾಟ ಆತನನ್ನು ಹಣ್ಣಾಗಿಸಿದವು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಮತದಾನದಲ್ಲಿ ಅರ್ಧಶತಮಾನದ ಶ್ರೇಷ್ಠ ಕ್ರೀಡಾಪಟುವಾಗಿ ಆಯ್ಕೆಯಾದ. ಮರುವರ್ಷ ಬರ್ಟ್ ಲಂಕಾಸ್ಟರ್ ನಟಿಸಿದ ಆತನ ಜೀವನಚಿತ್ರ ತೆರೆಕಂಡಿತು. ಅದೇ ವರ್ಷ ತುಟಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಆತ ಧರ್ಮಾರ್ಥ ಚಿಕಿತ್ಸೆಯ ಮೊರೆ ಹೋಗಬೇಕಾಯಿತು. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ, ಟ್ರೈಲರ್ ಮನೆಯಲ್ಲಿ ಹೃದಯಾಘಾತದಿಂದ ನಿಧನನಾದ.

ಮರಣಾನಂತರದ ಹೋರಾಟ

ಓಕ್ಲಹೋಮದಲ್ಲಿ ಬುಡಕಟ್ಟಿನ ಅಂತ್ಯವಿಧಿ ನಡೆಯುತ್ತಿದ್ದಾಗಲೇ ಮೂರನೇ ಪತ್ನಿ ಪೆಟ್ರೀಷಿಯಾ ಶವವನ್ನು ಕೊಂಡೊಯ್ದಳು. ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಮತ್ತು ಪೂರ್ವ ಮಾಕ್ ಚಂಕ್ ಎಂಬ ಎರಡು ಬಡ ಪಟ್ಟಣಗಳು ಒಂದಾಗಿ ಜಿಮ್ ಥಾರ್ಪ್ ಎಂದು ಹೆಸರಿಟ್ಟುಕೊಂಡು, ಪ್ರವಾಸಿಗರು ಬಂದಾರೆಂಬ ಆಸೆಯಿಂದ ಸಮಾಧಿ ಕಟ್ಟಿದವು. ಬದುಕಿದ್ದಾಗ ಆ ಊರಿಗೂ ಆತನಿಗೂ ನಂಟಿರಲಿಲ್ಲ. ಅಸ್ಥಿಯನ್ನು ತಾಯ್ನೆಲಕ್ಕೆ ಮರಳಿಸಬೇಕೆಂದು ಕುಟುಂಬದವರು 2010ರಲ್ಲಿ ಹೂಡಿದ ಮೊಕದ್ದಮೆ ಕೆಳ ನ್ಯಾಯಾಲಯದಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತಿತು. 2015ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಒಪ್ಪಲಿಲ್ಲ.

ಪದಕಗಳ ಕಥೆ ಇನ್ನೂ ದೀರ್ಘ. ಸ್ಟಾಕ್‌ಹೋಮ್‌ನಲ್ಲಿ ಥಾರ್ಪ್ ಜತೆಗೇ ಸ್ಪರ್ಧಿಸಿ ಬಹಳ ಹಿಂದುಳಿದಿದ್ದ ಆವೆರಿ ಬ್ರಂಡೇಜ್ 1952ರಿಂದ 1972ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದ; ಪದಕ ಮರಳಿಸುವ ಮನವಿಗಳಿಗೆಲ್ಲ ಆತನ ಕಾಲದಲ್ಲಿ ಬಾಗಿಲು ಮುಚ್ಚಿತ್ತು. ಆತ ನಿರ್ಗಮಿಸಿದ ಮರುವರ್ಷ, 1973ರಲ್ಲಿ, ಅಮೆರಿಕದ ಒಕ್ಕೂಟ ಥಾರ್ಪ್‌ನ ಹವ್ಯಾಸಿ ಸ್ಥಾನವನ್ನು ಮರಳಿಸಿತು. ಲೇಖಕ ರಾಬರ್ಟ್ ವೀಲರ್ ಮತ್ತು ಪತ್ನಿ ಫ್ಲಾರೆನ್ಸ್ ರಿಡ್ಲನ್ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1912ರ ನಿಯಮಾವಳಿಯ ಪ್ರತಿಯನ್ನು ಹುಡುಕಿ ತೆಗೆದು 30 ದಿನಗಳ ನಿಯಮವನ್ನು ಜಗತ್ತಿನ ಮುಂದಿಟ್ಟರು. ಅಂತರರಾಷ್ಟ್ರೀಯ ಸಮಿತಿ 1982ರಲ್ಲಿ ಮಣಿಯಿತು. 1983ರ ಜನವರಿಯಲ್ಲಿ ಪದಕಗಳ ಪ್ರತಿಕೃತಿಗಳನ್ನು ಮಕ್ಕಳಿಗೆ ನೀಡಲಾಯಿತು. ಆದರೆ ದಾಖಲೆಯಲ್ಲಿ ಥಾರ್ಪ್ ಜಂಟಿ ವಿಜೇತನಾಗಿಯೇ ಉಳಿದ.

ಆ ಕೊರತೆ ತುಂಬಿದ್ದು 2022ರ ಜುಲೈ 15ರಂದು. ವಿಸ್ಲಾಂಡರ್ ಕುಟುಂಬದವರು, ಸ್ವೀಡನ್ ಮತ್ತು ನಾರ್ವೆಯ ಒಲಿಂಪಿಕ್ ಸಂಸ್ಥೆಗಳು ಒಪ್ಪಿಗೆ ಸೂಚಿಸಿದ ಬಳಿಕ, ಎರಡೂ ಸ್ಪರ್ಧೆಗಳಲ್ಲಿ ಥಾರ್ಪ್ ಒಬ್ಬನೇ ವಿಜೇತನೆಂದು ಸಮಿತಿ ಘೋಷಿಸಿತು. ಡೆಕಾಥ್ಲಾನ್ ಗೆದ್ದು ಅಂದಿಗೆ ಸರಿಯಾಗಿ 110 ವರ್ಷ ತುಂಬಿತ್ತು. 2024ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಮರಣೋತ್ತರವಾಗಿ ಸಂದಿತು. ಅದೇ ವರ್ಷ ಅಧ್ಯಕ್ಷ ಜೋ ಬೈಡನ್ ಇಂಥ ವಸತಿ ಶಾಲೆಗಳ ಅನ್ಯಾಯಕ್ಕಾಗಿ ಮೂಲನಿವಾಸಿಗಳ ಕ್ಷಮೆ ಯಾಚಿಸಿ, ಡಿಸೆಂಬರ್‌ನಲ್ಲಿ ಕಾರ್ಲೈಲ್ ಶಾಲೆಯ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ವೆಸ್ಟ್ ಪಾಯಿಂಟ್‌ನಲ್ಲಿ ಥಾರ್ಪ್‌ಗೆ ನ್ಯಾಯ ದೊರೆಯಲು ಒಂದು ಮಧ್ಯಾಹ್ನ ಸಾಕಾಗಿತ್ತು. ಕ್ರೀಡಾಡಳಿತದ ಕಡತಗಳಲ್ಲಿ ಅದೇ ನ್ಯಾಯ ಸಿಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹುಟ್ಟಿದ ನೆಲಕ್ಕೆ ಮರಳುವ ಭಾಗ್ಯ ಮಾತ್ರ ಆತನಿಗೆ ಇನ್ನೂ ಒದಗಿಲ್ಲ.